ಕತ್ತು ನೋಯಿಸಿಕೊಂಡು ನೋಡಬೇಕಾದ ಊರು ಲೇಪಾಕ್ಷಿ

ಲೇಪಾಕ್ಷಿ ದೇವಸ್ಥಾನಕ್ಕೆ ಹೋದರೆ, ಮೊದಲು ಸುಮ್ನೆ ಒಂದು ಮೂಲೆಯಲ್ಲಿ ಹತ್ತು ನಿಮಿಷ ಕುಳಿತು ಜನರನ್ನು ನೋಡಿ. ಎಲ್ಲರೂ ಒಂದೇ ಕಂಬದ ಬುಡದಲ್ಲಿ ಬಗ್ಗಿರುತ್ತಾರೆ. ಯಾರೋ ಟವೆಲ್ ತೂರಿಸುತ್ತಿರುತ್ತಾರೆ, ಇನ್ಯಾರೋ ದುಪಟ್ಟಾ. ಆ ಕಡೆಯಿಂದ ಒಂದು ಮಗು ತುದಿ ಹಿಡಿದು ಎಳೆದು "ಬಂತು, ಬಂತು!" ಎಂದು ಕೂಗುತ್ತದೆ. ಫೋಟೋ ಆಯಿತು, ಮುಂದೆ ನಡಿ. ಅದು ತೂಗುವ ಕಂಬ. ಅದೇ ಹೊತ್ತಿಗೆ ಅವರೆಲ್ಲರ ತಲೆಯ ಮೇಲೆ ಸುಮಾರು ಐನೂರು ವರ್ಷದ ಹಿಂದೆ ಬರೆದ ಚಿತ್ರಗಳು ಸಾಲು ಸಾಲಾಗಿ ಹರಡಿಕೊಂಡಿರುತ್ತವೆ. ಕತ್ತು ಎತ್ತುವವರು ಕಡಿಮೆ. ಮೊದಲ ಸಲ ಹೋದಾಗ ನಾನೂ ಎತ್ತಿರಲಿಲ್ಲ. ನನ್ನ ಟವೆಲ್ಲೂ ಆ ಕಂಬದ ಕೆಳಗಿಂದ ಹೋಗಿ ಬಂದಿದೆ.

ಎರಡನೇ ಸಲ ಹೋದಾಗ ಕತ್ತು ಎತ್ತಿದೆ. ಆಮೇಲೆ ಕೆಳಗಿನ ಕಲ್ಲುಗಳೂ ಬೇರೆ ಥರ ಕಾಣತೊಡಗಿದವು. ಲೇಪಾಕ್ಷಿಯಲ್ಲಿ ನೋಡುವುದಕ್ಕೆ ತುಂಬಾ ಇದೆ: ದೊಡ್ಡ ನಂದಿ, ಏಳು ಹೆಡೆಯ ನಾಗ, ಅರ್ಧಕ್ಕೆ ನಿಂತ ಮದುವೆ ಮಂಟಪ. ಆದರೆ ಚಿತ್ರಗಳನ್ನು ಮೊದಲು ನೋಡಿಕೊಂಡರೆ ಉಳಿದವೆಲ್ಲ ತಾವಾಗಿ ಅರ್ಥವಾಗುತ್ತವೆ ಎನ್ನುವುದು ನನ್ನ ಅನುಭವ. ಅದಕ್ಕೇ ಇಲ್ಲಿ ಶುರುವಾಗುವುದು ಮೇಲಿನಿಂದ.

ಊರು ಚಿಕ್ಕದು. ಆಂಧ್ರಪ್ರದೇಶದ ಶ್ರೀ ಸತ್ಯಸಾಯಿ ಜಿಲ್ಲೆ. 2022ಕ್ಕೆ ಮೊದಲು ಅನಂತಪುರ ಜಿಲ್ಲೆಯಲ್ಲಿತ್ತು. ಹಿಂದೂಪುರದಿಂದ ಸುಮಾರು 15 ಕಿ.ಮೀ., ಬೆಂಗಳೂರಿನಿಂದ ಸುಮಾರು 120 ಕಿ.ಮೀ. ನಮ್ಮ ರಾಜ್ಯದ ಗಡಿ ಅಲ್ಲೇ ಪಕ್ಕದಲ್ಲಿದೆ. ಬೋರ್ಡುಗಳು ತೆಲುಗಿನಲ್ಲಿದ್ದರೂ ಕನ್ನಡದಲ್ಲಿ ಮಾತಾಡಿದರೆ ಕೆಲಸ ನಡೆಯುತ್ತದೆ. ದೇವಸ್ಥಾನದಲ್ಲಿರುವ ಶಾಸನಗಳೂ ಕನ್ನಡದಲ್ಲಿವೆ. ಗಡಿ ಎನ್ನುವುದು ಆಮೇಲೆ ಬಂದ ವಿಷಯ, ಅಲ್ವಾ.

ಇಷ್ಟು ಸಣ್ಣ ಊರಿನಲ್ಲಿ ಇಷ್ಟು ದೊಡ್ಡ ಕೆಲಸ ಹೇಗೆ ನಡೆಯಿತು? ಉತ್ತರ ಪೆನುಕೊಂಡದಲ್ಲಿದೆ. ವಿಜಯನಗರದ ಅರಸರಿಗೆ ಪೆನುಕೊಂಡ ಮುಖ್ಯ ಕೋಟೆ. 1565ರ ಯುದ್ಧದಲ್ಲಿ ಸೋತ ಮೇಲೆ ರಾಜಧಾನಿಯೇ ಅಲ್ಲಿಗೆ ಹೋಯಿತು. ಅದಕ್ಕೂ ಮೊದಲು, ಕೃಷ್ಣದೇವರಾಯನ ತಮ್ಮ ಅಚ್ಯುತರಾಯ ಆಳುತ್ತಿದ್ದಾಗ, ಅಂದರೆ 1529ರಿಂದ 1542ರ ನಡುವೆ, ಪೆನುಕೊಂಡದಲ್ಲಿ ವಿರೂಪಣ್ಣ ಎಂಬ ಅಧಿಕಾರಿ ಇದ್ದ. ಅವನ ಸಹೋದರ ವೀರಣ್ಣ. ಈ ಇಬ್ಬರೂ ಸೇರಿ ಕೂರ್ಮಶೈಲ ಎಂಬ ಆಮೆ ಬೆನ್ನಿನಂಥ ಬಂಡೆಯ ಮೇಲೆ ವೀರಭದ್ರನ ಗುಡಿ ಕಟ್ಟಿಸಿದರು. ಹಣ ಇತ್ತು, ಅಧಿಕಾರ ಇತ್ತು, ಸಾಮ್ರಾಜ್ಯ ಮೆರೆಯುತ್ತಿದ್ದ ಕಾಲದ ಕೈಗಾರರು ಸಿಗುತ್ತಿದ್ದರು.

ಒಳಗೆ ಹೋಗುವಾಗ ಮೊದಲು ಸಿಗುವುದು ನಾಟ್ಯಮಂಟಪ. ನಾಲ್ಕೂ ಕಡೆ ಕಂಬಗಳು, ನಡುವೆ ಕುಣಿಯಲು ಜಾಗ ಬಿಟ್ಟಂತೆ ತೆರಪು. ಅದನ್ನು ದಾಟಿದರೆ ಗರ್ಭಗುಡಿಯ ಮುಂದಿನ ಅರ್ಧಮಂಟಪ. ಚಿತ್ರಗಳು ಮುಖ್ಯವಾಗಿ ಈ ಎರಡು ಮಂಟಪಗಳ ಛಾವಣಿಯಲ್ಲಿವೆ. ಕಂಬದಿಂದ ಕಂಬಕ್ಕೆ ಕಲ್ಲಿನ ತೊಲೆ ಹಾಕಿ, ತೊಲೆಗಳ ಮೇಲೆ ಚಪ್ಪಡಿ ಹಾಸಿದ್ದಾರೆ. ಹೀಗಾಗಿ ಛಾವಣಿ ಒಂದೇ ಬಯಲಾಗಿ ಸಿಗುವುದಿಲ್ಲ, ಉದ್ದುದ್ದ ಪಟ್ಟಿಗಳಾಗಿ ಸಿಗುತ್ತದೆ. ಚಿತ್ರಗಾರರು ಆ ಪಟ್ಟಿಗಳನ್ನೇ ಕಥೆ ಹೇಳಲು ಬಳಸಿಕೊಂಡರು. ಒಂದು ಪಟ್ಟಿಗೆ ಒಂದು ಕಥೆ. ನಡುನಡುವೆ ಮರವೋ ಕಂಬವೋ ಬಂದು ಒಂದು ದೃಶ್ಯ ಮುಗಿಯಿತು, ಇನ್ನೊಂದು ಶುರು ಎಂದು ತಿಳಿಸುತ್ತದೆ. ನಿಂತಲ್ಲೇ ನಿಂತರೆ ಕಥೆ ಮುಂದೆ ಸಾಗುವುದಿಲ್ಲ. ತಲೆ ಮೇಲೆತ್ತಿಕೊಂಡು ನಿಧಾನಕ್ಕೆ ನಡೆಯಬೇಕು. ಯಾರಿಗಾದರೂ ಡಿಕ್ಕಿ ಹೊಡೆಯುತ್ತೀರಿ, ಪರವಾಗಿಲ್ಲ.

ಕಲ್ಲಿಗೆ ಬಣ್ಣ ಹೇಗೆ ಹಿಡಿಯಿತು ಎನ್ನುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಯಾಕೆಂದರೆ ಅಲ್ಲಿ ಕಾಣುವ ಹಾಳುಬಿದ್ದ ಜಾಗಗಳಿಗೂ ಕಾರಣ ಅದರಲ್ಲೇ ಇದೆ. ಲೇಪಾಕ್ಷಿಯ ಕಲ್ಲು ಗಟ್ಟಿ ಗ್ರಾನೈಟ್. ಅದರ ಮೇಲೆ ನೇರವಾಗಿ ಬಣ್ಣ ಬಳಿದರೆ ನಿಲ್ಲುವುದಿಲ್ಲ. ಹಾಗಾಗಿ ಮೊದಲು ಸುಣ್ಣ, ಮರಳು ಬೆರೆಸಿದ ಗಾರೆ. ಅದರ ಮೇಲೆ ನುಣ್ಣನೆಯ ಸುಣ್ಣದ ತೆಳು ಪದರ. ಇಲ್ಲಿಂದ ಎರಡು ದಾರಿಗಳಿವೆ. ಗಾರೆ ಹಸಿಯಾಗಿರುವಾಗಲೇ ನೀರಿನಲ್ಲಿ ಕಲೆಸಿದ ಬಣ್ಣ ಬಳಿಯುವುದು ಒಂದು. ಹಸಿ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಸುಣ್ಣಕಲ್ಲಾಗುತ್ತದೆ, ಬಣ್ಣ ಅದರೊಳಗೇ ಸಿಕ್ಕಿಕೊಳ್ಳುತ್ತದೆ. ಬಲು ಗಟ್ಟಿ. ಆದರೆ ಗಾರೆ ಒಣಗುವುದರೊಳಗೆ ಕೆಲಸ ಮುಗಿಸಬೇಕು. ಎರಡನೆಯದು, ಗಾರೆ ಒಣಗಿದ ಮೇಲೆ ಬಣ್ಣಕ್ಕೆ ಅಂಟು ಬೆರೆಸಿ ಬರೆಯುವುದು. ಇದರಲ್ಲಿ ಅವಸರವಿಲ್ಲ. ಸಣ್ಣ ಸಣ್ಣ ಕುಸುರಿ ಮಾಡುತ್ತಾ ಕೂರಬಹುದು. ಲೇಪಾಕ್ಷಿಯವರು ಹಿಡಿದದ್ದು ಈ ಎರಡನೇ ದಾರಿ. ಅದಕ್ಕೇ ಸೀರೆಯ ಒಂದೊಂದು ಹೂವನ್ನೂ ಬಿಡಿಸಲು ಅವರಿಗೆ ಪುರುಸೊತ್ತು ಸಿಕ್ಕಿತು. ಅದೇ ಕಾರಣಕ್ಕೆ ಅಂಟು ಸತ್ತ ಕಡೆ ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತದೆ.

ಬಣ್ಣಗಳು ಮಣ್ಣಿನಿಂದ ಬಂದವು. ಕೆಮ್ಮಣ್ಣಿನಿಂದ ಕೆಂಪು, ಹಳದಿ ಮಣ್ಣಿನಿಂದ ಹಳದಿ, ಕಾಡಿಗೆಯಿಂದ ಕಪ್ಪು, ಸುಣ್ಣದಿಂದ ಬಿಳಿ, ಒಂದಿಷ್ಟು ಹಸಿರು. ಕಣ್ಣಿಗೆ ಹೊಡೆಯುವ ನೀಲಿಯನ್ನು ಅಲ್ಲಿ ಹುಡುಕಬೇಡಿ. ಇಡೀ ಛಾವಣಿಗೆ ಕಾವಿಯ ಕೆಂಪೇ ಹಿನ್ನೆಲೆ. ನಾವು ಹೊಸ್ತಿಲಿಗೆ ಹಚ್ಚುವ ಕೆಮ್ಮಣ್ಣಿನ ಬಣ್ಣವೇ ನೆನಪಾಗುತ್ತದೆ.

ಆದರೆ ಲೇಪಾಕ್ಷಿಯ ಜೀವ ಬಣ್ಣದಲ್ಲಿಲ್ಲ, ಗೆರೆಯಲ್ಲಿದೆ. ಮೊದಲು ಆಕಾರವನ್ನು ಗೆರೆಯಲ್ಲಿ ಬರೆಯುತ್ತಾರೆ, ಒಳಗೆ ಬಣ್ಣ ತುಂಬುತ್ತಾರೆ, ಕೊನೆಗೆ ಕಪ್ಪು ಗೆರೆ ಎಳೆದು ಮುಗಿಸುತ್ತಾರೆ. ನೆರಳು ಬೆಳಕು ತೋರಿಸಿ ಮೈಯನ್ನು ಉಬ್ಬಿಸುವ ಗೋಜಿಗೆ ಅವರು ಹೋಗಿಲ್ಲ. ಎಲ್ಲವೂ ಚಪ್ಪಟೆ. ಮುಖಗಳು ಜಾಸ್ತಿ ಪಕ್ಕಕ್ಕೆ ತಿರುಗಿರುತ್ತವೆ, ಮೂಗು ಚೂಪು, ಕಣ್ಣು ಅಗಲ. ಅಜಂತಾದ ಮೈದುಂಬಿದ ಚಿತ್ರಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬಂದವರಿಗೆ ಮೊದಲು ನಿರಾಸೆ ಆಗಬಹುದು. ಹೋಲಿಸಲೇಬೇಕೆಂದರೆ ತೊಗಲುಗೊಂಬೆಗೆ ಹೋಲಿಸಿ. ಎರಡಕ್ಕೂ ಗೆರೆಯೇ ಬೆನ್ನೆಲುಬು, ಎರಡಕ್ಕೂ ಕಥೆ ಹೇಳುವುದೇ ಕೆಲಸ.

ಗೆರೆಯ ತಾಕತ್ತು ಏನೆಂದು ತಿಳಿಯಬೇಕಾದರೆ ಕಾಡುಹಂದಿಯನ್ನು ಹುಡುಕಿ. ಶಿವ ಬೇಡನ ವೇಷ ಹಾಕಿಕೊಂಡು ಬಂದು ಅರ್ಜುನನನ್ನು ಪರೀಕ್ಷಿಸಿದ ಕಥೆ ಗೊತ್ತಲ್ಲ. ತಪಸ್ಸಿಗೆ ಕುಳಿತ ಅರ್ಜುನನ ಮೇಲೆ ಹಂದಿ ನುಗ್ಗುತ್ತದೆ. ಇಬ್ಬರೂ ಬಾಣ ಬಿಡುತ್ತಾರೆ. ಸತ್ತ ಹಂದಿ ಯಾರದ್ದು ಎಂದು ಜಗಳ. ಲೇಪಾಕ್ಷಿಯಲ್ಲಿ ಈ ಕಥೆಗೆ ಒಂದು ಉದ್ದ ಪಟ್ಟಿಯೇ ಮೀಸಲು. ಹಂದಿಯ ಬೆನ್ನಿನ ಗೆರೆ ಬಿಲ್ಲಿನಂತೆ ಬಾಗಿದೆ. ಅದರ ಮೇಲೆ ಕೂದಲು ನೆಟ್ಟಗೆ ನಿಂತಿದೆ. ತಲೆ ತಗ್ಗಿದೆ, ಕೋರೆ ಮುಂದಿದೆ. ಚಪ್ಪಟೆ ಚಿತ್ರವೇ, ಒಂದು ಚೂರೂ ನೆರಳಿಲ್ಲ. ಆದರೂ ಆ ಭಾರವೆಲ್ಲ ಮುಂಗಾಲಿನ ಮೇಲೆ ಬಿದ್ದಿರುವುದು ಗೊತ್ತಾಗುತ್ತದೆ. ಮಲೆನಾಡಿನಲ್ಲಿ ಗದ್ದೆಗೆ ಹಂದಿ ನುಗ್ಗಿದ್ದನ್ನು ಕಂಡವರಿಗೆ ನಾನು ಹೇಳುವುದೇನೂ ಬೇಕಿಲ್ಲ.

ಇನ್ನೊಂದು ಪಟ್ಟಿಯಲ್ಲಿ ಹಸುವಿನ ಕಥೆ. ಮನು ಎಂಬ ಚೋಳ ಅರಸ ನ್ಯಾಯಕ್ಕೆಂದು ಅರಮನೆ ಬಾಗಿಲಲ್ಲಿ ಗಂಟೆ ಕಟ್ಟಿಸಿದ್ದ. ಅವನ ಮಗನ ರಥಕ್ಕೆ ಸಿಕ್ಕಿ ಒಂದು ಕರು ಸತ್ತಿತು. ತಾಯಿ ಹಸು ಬಂದು ಗಂಟೆ ಎಳೆಯಿತು. ಅರಸ ಸ್ವಂತ ಮಗನನ್ನೇ ರಥದ ಕೆಳಗೆ ಹಾಕಿಸಿದ. ಕೊನೆಗೆ ಶಿವ ಪ್ರತ್ಯಕ್ಷನಾಗಿ ಎಲ್ಲರನ್ನೂ ಬದುಕಿಸಿದ. ತಮಿಳು ನಾಡಿನ ತಿರುವಾರೂರಿನ ಕಥೆ ಇದು. ಕನ್ನಡ ಶಾಸನ ಇರುವ, ಇವತ್ತು ತೆಲುಗು ಆಡುವ ಊರಿನ ಛಾವಣಿಗೆ ಬಂದು ಕುಳಿತಿದೆ. ವಿಜಯನಗರ ಎಂದರೆ ಏನು ಎಂದು ಯಾರಾದರೂ ಕೇಳಿದರೆ ಈ ಪಟ್ಟಿಯನ್ನು ತೋರಿಸಬಹುದು.

ಶಿವ-ಪಾರ್ವತಿಯರ ಮದುವೆ, ದ್ರೌಪದಿಯ ಸ್ವಯಂವರ, ರಾಮನ ಪಟ್ಟಾಭಿಷೇಕ, ಆಲದೆಲೆಯ ಮೇಲೆ ಮಲಗಿದ ಕೃಷ್ಣ ಇವೂ ಇವೆ. ಎಲ್ಲಿ ನಿಂತು ನೋಡಿದರೂ ಕೃಷ್ಣ ನಮ್ಮನ್ನೇ ನೋಡುತ್ತಾನೆ ಎಂದು ಗೈಡುಗಳು ಹೇಳುತ್ತಾರೆ. ಎದುರಿಗೆ ನೋಡುವಂತೆ ಬರೆದ ಯಾವ ಕಣ್ಣಾದರೂ ಹಾಗೆಯೇ ಮಾಡುತ್ತದೆ. ನಿಮ್ಮ ಮನೆಯ ಗೋಡೆಯಲ್ಲಿರುವ ಅಜ್ಜನ ಫೋಟೋ ನೋಡಿ ಬೇಕಾದರೆ.

ಕಥೆ ಬಿಟ್ಟು ಬಟ್ಟೆ ನೋಡುವುದು ನನಗೆ ಹೆಚ್ಚು ಇಷ್ಟ. ಗಂಡಸರ ತಲೆ ಮೇಲೆ ಉದ್ದನೆಯ, ಶಂಕುವಿನಂಥ ಟೋಪಿ ಕಾಣುತ್ತದೆ. ಅದು ಕುಲ್ಲಾಯಿ. ಪರ್ಷಿಯಾ ಕಡೆಯಿಂದ ದಖ್ಖನ್ನಿನ ಸುಲ್ತಾನರ ಆಸ್ಥಾನಗಳಿಗೆ ಬಂದ ಉಡುಗೆಯನ್ನು ವಿಜಯನಗರದವರೂ ತಮ್ಮದಾಗಿಸಿಕೊಂಡಿದ್ದರು. ಯುದ್ಧ ಯುದ್ಧವೇ, ಫ್ಯಾಷನ್ ಫ್ಯಾಷನ್ನೇ. ಹೆಂಗಸರ ಸೀರೆಗಳಂತೂ ಒಂದರಂತೆ ಇನ್ನೊಂದಿಲ್ಲ. ಪಟ್ಟೆ, ಚೌಕಳಿ, ಹೂವು, ಹಕ್ಕಿ. ಹೆರಳನ್ನು ದೊಡ್ಡ ತುರುಬು ಕಟ್ಟಿ ಪಕ್ಕಕ್ಕೆ ಬಿಟ್ಟಿದ್ದಾರೆ. ಆ ಕಾಲದ ನಿಜವಾದ ಬಟ್ಟೆ ನಮ್ಮ ಕೈಗೆ ಸಿಗುವುದು ತೀರಾ ಅಪರೂಪ. ಹತ್ತಿ, ರೇಷ್ಮೆ ನಮ್ಮ ಹವೆಯಲ್ಲಿ ಅಷ್ಟು ಕಾಲ ಬಾಳುವುದಿಲ್ಲ. ಹಾಗಾಗಿ ಐನೂರು ವರ್ಷದ ಹಿಂದೆ ಜನ ಏನು ಉಡುತ್ತಿದ್ದರು ಎಂದು ತಿಳಿಯಬೇಕಾದವರು ಈ ಛಾವಣಿಗೇ ಬರುತ್ತಾರೆ.

ಅರ್ಧಮಂಟಪದಲ್ಲಿ ಇರುವುದು ದೊಡ್ಡ ವೀರಭದ್ರ. 20 ಅಡಿಗೂ ಉದ್ದ, ಪಟ್ಟಿಗಳ ಹಂಗಿಲ್ಲದೆ ಛಾವಣಿ ತುಂಬಾ ಚಾಚಿಕೊಂಡಿದ್ದಾನೆ. ದಕ್ಷನ ಯಜ್ಞ ಹಾಳುಮಾಡಲು ಶಿವನ ಜಟೆಯಿಂದ ಹುಟ್ಟಿದವನು ಈತ. ವೀರಗಾಸೆ ಕುಣಿತ ನೋಡಿದವರಿಗೆ ಪರಿಚಯ ಹೇಳಬೇಕಿಲ್ಲ. ಈ ಜಾಗ ಕತ್ತಲು, ಕಣ್ಣು ಹೊಂದಿಕೊಳ್ಳಲು ಒಂದೆರಡು ನಿಮಿಷ ಬೇಕು. ವೀರಭದ್ರನ ಕಾಲ ಬಳಿ ನೋಡಿ. ಕುಲ್ಲಾಯಿ ಹಾಕಿಕೊಂಡು ಕೈಮುಗಿದವರು ಕಾಣುತ್ತಾರೆ. ಗುಡಿ ಕಟ್ಟಿಸಿದ ವಿರೂಪಣ್ಣ, ವೀರಣ್ಣ ಅವರೇ. ಖರ್ಚು ಕೊಟ್ಟವರು ಎಂದ ಮೇಲೆ ಅಷ್ಟಾದರೂ ಬೇಡವೇ?

ಮಳೆ, ಬಿಸಿಲು, ಜನರ ಕೈ ತಾಗದ ಎತ್ತರದಲ್ಲಿದ್ದದ್ದರಿಂದ ಈ ಚಿತ್ರಗಳು ಉಳಿದವು. ಹಾಳಾದದ್ದೂ ಮೇಲಿನಿಂದಲೇ. ಚಪ್ಪಡಿಗಳ ಸಂದಿನಲ್ಲಿ ನೀರು ಇಳಿದರೆ ಗಾರೆ ಉಬ್ಬುತ್ತದೆ, ಬಣ್ಣ ಉದುರುತ್ತದೆ. ದೀಪದ ಹೊಗೆ, ಬಾವಲಿ ಇವುಗಳ ಕಾಟ ಬೇರೆ. ಈಗ ದೇವಸ್ಥಾನ ಭಾರತೀಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. 2022ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿತು. ಅಂದರೆ ಪೂರ್ತಿ ಪಟ್ಟಕ್ಕೆ ಕಾಯುವವರ ಸಾಲಿನಲ್ಲಿದೆ ಎಂದರ್ಥ, ಪಟ್ಟ ಸಿಕ್ಕಿತು ಎಂದಲ್ಲ. ಪತ್ರಿಕೆಗಳಲ್ಲಿ ಇದೊಂದು ಗೊಂದಲ ಯಾವಾಗಲೂ ಇರುತ್ತದೆ.

ಇನ್ನು ಕೆಳಗೆ ಬರೋಣ. ಮೊದಲು ಆ ಕಂಬ. ನಾಟ್ಯಮಂಟಪದ ಮೂಲೆಯಲ್ಲಿದೆ. ಬುಡ ನೆಲಕ್ಕೆ ಪೂರ್ತಿ ಊರಿಲ್ಲ, ಬಟ್ಟೆ ತೂರುವಷ್ಟು ಸಂದಿದೆ. ಬ್ರಿಟಿಷ್ ಎಂಜಿನಿಯರ್ ಒಬ್ಬ ಗುಟ್ಟು ತಿಳಿಯಲು ಅದನ್ನು ಅಲುಗಾಡಿಸಿದ, ಇಡೀ ಮಂಟಪವೇ ನಡುಗಿತು, ಹೆದರಿ ಬಿಟ್ಟ ಎಂದು ಕಥೆ ಇದೆ. ಕಥೆ ಹಾಗಿರಲಿ. ಅಷ್ಟು ಕಂಬ, ಅಷ್ಟು ತೊಲೆಗಳು ಒಂದನ್ನೊಂದು ಹಿಡಿದುಕೊಂಡಿರುವ ಮಂಟಪದಲ್ಲಿ ಒಂದು ಕಂಬ ಭಾರ ಹೊರದಿದ್ದರೆ ಛಾವಣಿ ಬೀಳುವುದಿಲ್ಲ. ಪಕ್ಕದವು ಹೊರುತ್ತವೆ. ಆಫೀಸಿನಲ್ಲಿ ನಾವು ದಿನಾ ನೋಡುತ್ತೇವಲ್ಲ.

ಅದೇ ಮಂಟಪದ ನಡುವಿನ ಕಂಬಗಳ ಮೇಲೆ ನಿಜವಾದ ಗಮ್ಮತ್ತಿದೆ. ಕುಣಿಯುವವಳು ರಂಭೆ. ಸುತ್ತ ವಾದ್ಯ ನುಡಿಸುವವರು. ಮೂರು ಕಾಲಿನ ಭೃಂಗಿಯನ್ನು ಮಕ್ಕಳಿಗೆ ತೋರಿಸಿ, ಅವರೇ ಕಾಲು ಎಣಿಸಲಿ. ಮೇಲೆ ಬಣ್ಣದಲ್ಲಿ ನೋಡಿದ ಬಾಗು ಬಳುಕು ಇಲ್ಲಿ ಕಲ್ಲಿನಲ್ಲಿ ಇದೆ.

ಹೊರಗಿನ ಪ್ರಾಕಾರದಲ್ಲಿ ಏಳು ಹೆಡೆಯ ನಾಗ. ಸುರುಳಿ ಸುತ್ತಿಕೊಂಡು ಕುಳಿತಿದೆ, ಹೆಡೆಯ ನೆರಳಲ್ಲಿ ಕಪ್ಪು ಲಿಂಗ. ಒಂದೇ ಬಂಡೆ. ಅಮ್ಮ ಊಟ ತಯಾರು ಮಾಡುವಷ್ಟರಲ್ಲಿ ಶಿಲ್ಪಿಗಳು ಕೆತ್ತಿ ಮುಗಿಸಿದರಂತೆ. ಅಂಥ ಕೈಗಾರರೇ ಊಟಕ್ಕೆ ಕೂರುತ್ತಿದ್ದರು ಎನ್ನಲು ನೆಲದಲ್ಲಿ ತಟ್ಟೆಗಳೂ ಇವೆ. ಬಂಡೆಯಲ್ಲೇ ಕೊರೆದ ದೊಡ್ಡ ತಟ್ಟೆಗಳು, ಪಲ್ಯ ಚಟ್ನಿಗೆ ಎಂಬಂತೆ ಸಣ್ಣ ಗುಳಿಗಳ ಸಮೇತ. ಬಣ್ಣ ಕಲೆಸಲು ಇಟ್ಟುಕೊಂಡದ್ದು ಎಂದು ಹೇಳುವವರೂ ಇದ್ದಾರೆ. ನನಗೆ ಎರಡನೆಯದೇ ಹಿಡಿಸುತ್ತದೆ, ಊಟದ ಕಥೆ ಎಷ್ಟೇ ಚೆನ್ನಾಗಿದ್ದರೂ.

ಸ್ವಲ್ಪ ಆಚೆ ಕಲ್ಯಾಣಮಂಟಪ. ಛಾವಣಿಯೇ ಇಲ್ಲ. ಶಿವ-ಪಾರ್ವತಿಯರ ಮದುವೆಗೆ ಬಂದ ದೇವರು, ಋಷಿಗಳು ಕಂಬಗಳಲ್ಲಿ ನಿಂತಿದ್ದಾರೆ, ಮೇಲೆ ಬರೀ ಆಕಾಶ. ಒಳಗೆ ಚಿತ್ರವಾಗಿದ್ದ ಮದುವೆ ಇಲ್ಲಿ ಕಲ್ಲಾಗಿದೆ, ಅರ್ಧಕ್ಕೆ ನಿಂತಿದೆ. ಯಾಕೆ ನಿಂತಿತು ಎನ್ನುವುದಕ್ಕೆ ಊರವರ ಕಥೆ ಇದು: ರಾಜನ ಬೊಕ್ಕಸದ ಹಣವನ್ನು ಕೇಳದೆ ಗುಡಿಗೆ ಸುರಿದ ಎಂದು ವಿರೂಪಣ್ಣನ ಮೇಲೆ ದೂರು ಹೋಯಿತು. ಕಣ್ಣು ಕೀಳಿಸಿ ಎಂದು ಆಜ್ಞೆ ಬಂತು. ಬೇರೆಯವರು ಕೀಳುವ ಮುಂಚೆ ತಾನೇ ಕಿತ್ತು ಗೋಡೆಗೆ ಎಸೆದ. ಪಕ್ಕದ ಗೋಡೆಯ ಎರಡು ಕೆಂಪು ಕಲೆಗಳನ್ನು ಇವತ್ತಿಗೂ ತೋರಿಸುತ್ತಾರೆ. ಲೇಪ, ಅಕ್ಷಿ ಸೇರಿ ಲೇಪಾಕ್ಷಿ ಎಂದು ಹೆಸರನ್ನೂ ಅಲ್ಲಿಗೇ ಜೋಡಿಸುತ್ತಾರೆ. ಇನ್ನೊಂದು ಕಥೆಯಲ್ಲಿ ರಾವಣನಿಂದ ಪೆಟ್ಟು ತಿಂದು ಬಿದ್ದ ಜಟಾಯುವಿಗೆ ರಾಮ "ಲೇ ಪಕ್ಷಿ", ಅಂದರೆ ತೆಲುಗಿನಲ್ಲಿ "ಏಳು ಹಕ್ಕಿಯೇ" ಎಂದನಂತೆ. ಊರಿನ ಪಕ್ಕದ ಬಂಡೆಯ ಮೇಲೆ ಈಗ ದೊಡ್ಡ ಜಟಾಯುವಿನ ಪ್ರತಿಮೆ ಇರುವುದು ಈ ಎರಡನೇ ಕಥೆಯ ಬಲದಿಂದ.

ಲತಾಮಂಟಪವನ್ನು ಮಾತ್ರ ಓಡುತ್ತಾ ನೋಡಬೇಡಿ. ಇಲ್ಲಿನ ಕಂಬಗಳಲ್ಲಿ ದೇವರಿಲ್ಲ, ಕಥೆಯಿಲ್ಲ. ಬರೀ ಬಳ್ಳಿ, ಹೂವು, ಹಂಸ, ಗಿಣಿ, ಚೌಕದೊಳಗೆ ಚೌಕ. ಮೂರನೇ ಸಲ ಹೋದಾಗ ಅತ್ತೆಯನ್ನು ಕರೆದುಕೊಂಡು ಹೋಗಿದ್ದೆ, ಅಪ್ಪನ ಅಕ್ಕ. ನಾಟ್ಯಮಂಟಪದಲ್ಲಿ ಅವರಿಗೆ ಕತ್ತು ಎತ್ತಿ ನೋಡಲು ಆಗಲಿಲ್ಲ. ನಾನು ಜೇಬಿನಿಂದ ಸಣ್ಣ ಕನ್ನಡಿ ತೆಗೆದು ಅವರ ಅಂಗೈಯಲ್ಲಿಟ್ಟೆ. ಬಾವಿಯಲ್ಲಿ ಇಣುಕಿದ ಹಾಗೆ ಕನ್ನಡಿಯಲ್ಲಿ ಇಣುಕಿಕೊಂಡು ಇಡೀ ಛಾವಣಿ ನೋಡಿದರು. ಲತಾಮಂಟಪಕ್ಕೆ ಬಂದಾಗ ಒಂದು ಕಂಬದ ಮುಂದೆ ನಿಂತವರು ಅಲ್ಲಾಡಲಿಲ್ಲ.

"ಈ ಅಂಚು ಒಳಗೆ ನೋಡಿದ್ವಲ್ಲೋ, ಆ ಹುಡುಗಿ ಸೀರೇಲಿ," ಎಂದರು.

"ಯಾವ ಹುಡುಗಿ ಅತ್ತೆ?"

"ಅದೇ, ಪಾರ್ವತಿ ಹಿಂದೆ ನಿಂತಿದ್ಲಲ್ಲ. ನಮ್ಮಮ್ಮನ ಹತ್ರಾನೂ ಇಂಥದ್ದೇ ಒಂದಿತ್ತು. ಪೆನ್ ಇದ್ರೆ ಕೊಡು ಇಲ್ಲಿ."

ಬಸ್ ಟಿಕೆಟಿನ ಹಿಂಭಾಗದಲ್ಲಿ ಆ ಬಳ್ಳಿಯನ್ನು ಬರೆದುಕೊಂಡರು. ನಾನು ಮತ್ತೆ ಒಳಗೆ ಹೋಗಿ ನೋಡಿದೆ. ಅದೇ ಅಂಚು ಹೌದೋ ಅಲ್ಲವೋ, ಪ್ರಮಾಣ ಮಾಡಿ ಹೇಳಲಾರೆ. ಆದರೆ ಆ ಜಾತಿಯದ್ದೇ. ಚಿತ್ರ ಬರೆದವರೂ ಕಲ್ಲು ಕೆತ್ತಿದವರೂ ನೇಯುವವರೂ ಒಂದೇ ಬಳ್ಳಿಯನ್ನು ಕೈ ಬದಲಿಸಿಕೊಂಡು ಬರೆದಿದ್ದಾರೆ. ಇವತ್ತಿಗೂ ಸೀರೆ ಅಂಗಡಿಯಲ್ಲಿ ಲೇಪಾಕ್ಷಿ ಡಿಸೈನ್ ಎಂದು ಕೇಳಿದರೆ ಕೊಡುತ್ತಾರೆ. ಆಂಧ್ರದ ಸರ್ಕಾರಿ ಕರಕುಶಲ ಮಳಿಗೆಗಳ ಹೆಸರೂ ಲೇಪಾಕ್ಷಿಯೇ.

ನಂದಿ ದೇವಸ್ಥಾನದೊಳಗಿಲ್ಲ, ಊರ ಬಾಗಿಲಲ್ಲಿ ರಸ್ತೆ ಪಕ್ಕ ಇದೆ. ಒಂದೇ ಬಂಡೆಯಲ್ಲಿ ಕೆತ್ತಿದ್ದು, ಸುಮಾರು 27 ಅಡಿ ಉದ್ದ, 15 ಅಡಿ ಎತ್ತರ. ನಾಗಲಿಂಗದ ಕಡೆಗೇ ಮುಖ ಮಾಡಿ ಕುಳಿತಿದೆ ಎನ್ನುತ್ತಾರೆ. ಎಲ್ಲರೂ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ನೀವು ಪಕ್ಕಕ್ಕೆ ಹೋಗಿ. ಕೊರಳ ಗಂಟೆ ಸರ, ಬೆನ್ನ ಮೇಲಿನ ಪಟ್ಟಿ, ಅದರ ಕುಚ್ಚು. ಛಾವಣಿಯಲ್ಲಿ ಸೀರೆಗೆ ತೋರಿಸಿದ ಶ್ರದ್ಧೆಯನ್ನೇ ಇಲ್ಲಿ ಬಸವನ ಸಿಂಗಾರಕ್ಕೆ ತೋರಿಸಿದ್ದಾರೆ.

ಹೋಗುವ ದಾರಿ ಸುಲಭ. ಸ್ವಂತ ಗಾಡಿಯಿದ್ದರೆ ಬೆಂಗಳೂರು–ಹೈದರಾಬಾದ್ ಹೆದ್ದಾರಿಯಲ್ಲಿ ಕೊಡಿಕೊಂಡ ಚೆಕ್‌ಪೋಸ್ಟ್ ಹತ್ತಿರ ಎಡಕ್ಕೆ ತಿರುಗಿ. ರೈಲಿನಲ್ಲಾದರೆ ಹಿಂದೂಪುರದಲ್ಲಿ ಇಳಿದು ಬಸ್ಸೋ ಆಟೋವೋ ಹಿಡಿಯಿರಿ. ಬೇಸಿಗೆಯಲ್ಲಿ ಮಧ್ಯಾಹ್ನ ಬೇಡ, ಬರಿಗಾಲಿಗೆ ಆ ಬಂಡೆ ಕಾದ ಹೆಂಚು. ಬೆಳಗ್ಗೆ ಬೇಗ ಹೋದರೆ ಜನವೂ ಕಡಿಮೆ, ಕಂಬಗಳ ನಡುವೆ ನುಗ್ಗಿದ ಬಿಸಿಲು ನೆಲಕ್ಕೆ ಬಡಿದು ಮೇಲಕ್ಕೆ ಚಿಮ್ಮಿ ಛಾವಣಿ ತಾನಾಗಿ ಬೆಳಗುತ್ತದೆ. ಫ್ಲಾಶ್ ಬೇಡವೇ ಬೇಡ. ಚಿತ್ರಕ್ಕೂ ಒಳ್ಳೆಯದಲ್ಲ, ಫೋಟೋವೂ ಬೆಳ್ಳಗೆ ಬಿಳಚಿಕೊಳ್ಳುತ್ತದೆ. ಕನ್ನಡಿ ಇಟ್ಟುಕೊಳ್ಳಿ, ಅಂಗೈ ಅಗಲದ್ದು ಸಾಕು.

ವಾಪಸ್ ಬರುವಾಗ ಸಮಯ ಇದ್ದರೆ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥ ನೋಡಬಹುದು. 1938ರ ಏಪ್ರಿಲ್‌ನಲ್ಲಿ ಧ್ವಜ ಹಾರಿಸಲು ಸೇರಿದ ಜನರ ಮೇಲೆ ಗುಂಡು ಹಾರಿದ ಜಾಗ ಅದು. ಇತಿಹಾಸದ ಹುಚ್ಚು ಜಾಸ್ತಿ ಇರುವವರು ಪೆನುಕೊಂಡ ಕೋಟೆಗೆ ಹೋಗಲಿ.

ನನ್ನನ್ನು ಕೇಳಿದರೆ, ಇನ್ನೊಂದು ದಿನ ಕೈಯಲ್ಲಿದ್ದರೆ ಧರ್ಮಾವರದ ಹತ್ತಿರದ ನಿಮ್ಮಲಕುಂಟಕ್ಕೆ ಹೋಗಿ. ತೊಗಲುಗೊಂಬೆ ಮಾಡುವವರ ಊರು. ಹದ ಮಾಡಿದ ತೊಗಲಿನ ಮೇಲೆ ಮೊದಲು ಗೆರೆ ಎಳೆಯುತ್ತಾರೆ, ಉಳಿಯಲ್ಲಿ ಸಣ್ಣ ಸಣ್ಣ ತೂತು ಹೊಡೆದು ಒಡವೆ, ಅಂಚು ಬಿಡಿಸುತ್ತಾರೆ, ಬಣ್ಣ ತುಂಬುತ್ತಾರೆ. ಮುಗಿದ ಗೊಂಬೆಯನ್ನು ಬೆಳಕಿಗೆ ಎತ್ತಿ ಹಿಡಿದು ತೋರಿಸುತ್ತಾರೆ. ಪಕ್ಕಕ್ಕೆ ತಿರುಗಿದ ಮುಖ, ಚೂಪು ಮೂಗು, ಅಗಲವಾದ ಒಂದೇ ಕಣ್ಣು. ಅಲ್ಲೂ ಕತ್ತು ಎತ್ತಿಯೇ ನೋಡಬೇಕು.